ಮಲಗಿದ ಕಂಪ್ಯೂಟರು ಏಳದಿದ್ದರೆ

ಸುಗ್ಗಿಯ ದಿನಗಳು. ಕಣದ ತುಂಬ ಬಿಳಿಜೋಳ ಹರವಿದೆ. ಒಂದು ಕಡೆ ರಾಶಿ ತೂರುವದು ನಡೆದಿದೆ. ಇನ್ನೊಂದು ಕಡೆ ಹೆಣ್ಣುಮಕ್ಕಳು ಚೀಲ ಹಿಡಿದು ನಿಂತಿದ್ದಾರೆ. ಅಷ್ಟರಲ್ಲಿ ಮುಗಿಲ ಅಂಚಿಗೆ ಅಕಾಲದ ಮೋಡವೊಂದು ತಲೆಯೆತ್ತುತ್ತದೆ. ಆಗ ಮನೆಯ ಹಿರಿಯನ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡೇ: ಕಾಳನ್ನು ಒಳಗೆ ಸೇರಿಸುವಷ್ಟು ಹೊತ್ತು ಸಿಕ್ಕೀತೆ? ಸೇರಿಸಲಿಕ್ಕೆ ಸಾಕಷ್ಟು ಜಾಗ ಇದ್ದೀತೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಕೇಳುಗರಿಗೆ ಈ ಚಿತ್ರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಗೇವು ಎಂದರೇನೆಂಬದನ್ನೂ ಹೇಳಬೇಕಾಗಿಲ್ಲ. ನೆಲದಲ್ಲಿ ತೋಡಿದ ಆಳವಾದ ಕುಣಿ, ಬುಡಕ್ಕೂ ಬದಿಗೂ ಒಣ ಹುಲ್ಲಿನ ಹಾಸು, ಒಳಗೆ ಜೋಳ, ಬಾಯಿಗೆ ಬಂಡೆಗಲ್ಲು, ಅದರ ಮೇಲೆ ಮಣ್ಣು. ಹೀಗೆ ಮುಚ್ಚಿಟ್ಟ ಕಾಳಿನ ಮೇಲೆ ಭರವಸೆಯಿಟ್ಟು ನಮ್ಮ ಹಿರಿಯರು ಬರಗಾಲವನ್ನು ದಾಟಿದರು. ಈಗ ಹಗೇವುಗಳು ಅಪರೂಪವಾಗಿವೆ. ಆದರೂ ಇಂದು ನಾನು ಹೇಳಲಿರುವ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ದೊರೆಯಲಿಲ್ಲ. ವಿಷಯವೆಂದರೆ, ನಿಮ್ಮ ಮನೆಯ ಮೇಜಿನ ಮೇಲಿರುವ ಕಂಪ್ಯೂಟರಿನ ನಿದ್ರೆ. ಅದರಲ್ಲಿಯೂ ಲಿನಕ್ಸ್ ವ್ಯವಸ್ಥೆಯಿಂದ ನಡೆಯುವ ಕಂಪ್ಯೂಟರು ಗಾಢನಿದ್ರೆಗೆ ಹೋಗಿ ಸರಿಯಾಗಿ ಏಳದೆ ಇದ್ದಾಗ ಏನು ಮಾಡಬೇಕೆಂಬ ಮಾತು.

ಕಂಪ್ಯೂಟರಿಗೆ ನಿದ್ರೆಯ ಚಿಂತೆ ಏಕೆ ಎಂದು ನೀವು ಕೇಳಬಹುದು. ಚಿಂತೆಯ ಕಾರಣ ವಿದ್ಯುತ್ತು. ಹಿಂದೆ ಬಸವನ ಬಾಗೇವಾಡಿ ತಾಲೂಕಿನೊಳಗೇ ಇದ್ದ ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ 290 ಮೆಗಾವ್ಯಾಟ್ ಉತ್ಪಾದಿಸಬಲ್ಲ ಮನೆಯಿದೆ. ಅಲ್ಲಿಂದ ದೂರವಲ್ಲದ ಕೂಡಗಿಯಲ್ಲಿ ಕಲ್ಲಿದ್ದಲಿನಿಂದ 2400 ಮೆಗಾವ್ಯಾಟ್ ಉತ್ಪಾದಿಸಬಲ್ಲ ಸ್ಥಾವರವಿದೆ. ಬೆಳಕು ನಮ್ಮ ಮಗ್ಗುಲಲ್ಲಿಯೇ ಹುಟ್ಟುತ್ತದೆ. ಆದರೆ ಮುಂಗಾರಿಗೆ ಮೊದಲಿನ ಬಿರುಗಾಳಿ ಬೀಸಿ ಎಲ್ಲಿಯೋ ಒಂದು ತಂತಿ ಹರಿದರೆ, ಎಷ್ಟು ಮೆಗಾವ್ಯಾಟ್ ಹುಟ್ಟಿ ಏನು ಫಲ? ಮನೆಯ ದೀಪ ಆರುತ್ತದೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಉಂಟು. ಮೇಜಿನ ಕಂಪ್ಯೂಟರಿಗೆ ಅದಿಲ್ಲ. ಅದರ ಜೀವ ಕೆಳಗೆ ಇಟ್ಟಿರುವ ಯುಪಿಎಸ್ ಪೆಟ್ಟಿಗೆಯಲ್ಲಿ. ಹೊಸದಿದ್ದಾಗ ಹತ್ತು ಹದಿನೈದು ನಿಮಿಷ ತಾಳಿದ ಆ ಪೆಟ್ಟಿಗೆ, ಮೂರು ವರ್ಷದ ಮೇಲೆ ಮೂರೇ ನಿಮಿಷಕ್ಕೆ ಕೈ ಚೆಲ್ಲುವದೂ ಉಂಟು. ಪೆಟ್ಟಿಗೆ ಕಿರುಗುಡಲು ಹತ್ತಿತೆಂದರೆ ಕಣದ ಮೇಲೆ ಮೋಡ ಬಂತೆಂದೇ ತಿಳಿಯಬೇಕು.

ಇಲ್ಲಿ ಕಣವೆಂದರೆ ಕಂಪ್ಯೂಟರಿನ ಮೆಮರಿ, ಎಂದರೆ ರ‍್ಯಾಮ್. ನೀವು ತೆರೆದಿಟ್ಟ ಪುಟಗಳು, ಅರ್ಧ ಮಾಡಿದ ಲೆಕ್ಕ, ಇನ್ನೂ ಹೆಸರಿಡದ ಪತ್ರ, ಎಲ್ಲವೂ ಅಲ್ಲಿ ಹರವಿರುತ್ತವೆ. ವಿದ್ಯುತ್ತು ಇರುವ ತನಕ ಅವೆಲ್ಲ ಇರುತ್ತವೆ. ವಿದ್ಯುತ್ತು ಹೋದರೆ ಒಂದು ಕಾಳೂ ಉಳಿಯುವದಿಲ್ಲ. ಹಗೇವೆಂದರೆ ಡಿಸ್ಕ್. ಅದರಲ್ಲಿ ಬರೆದದ್ದು ವಿದ್ಯುತ್ತು ಇಲ್ಲದೆಯೂ ಉಳಿಯುತ್ತದೆ. ಕಣದ ಕಾಳನ್ನು ಹಗೇವಿಗೆ ತುಂಬಿ, ಬಾಯಿ ಮುಚ್ಚಿ, ಗುರುತು ಇಟ್ಟು ಹೋಗುವದಕ್ಕೆ ಹೈಬರ್ನೇಟ್ ಎಂದು ಹೆಸರು. ಮರಳಿ ಬಂದಾಗ ಗುರುತು ಹಿಡಿದು, ಬಾಯಿ ತೆಗೆದು, ಕಾಳನ್ನು ಮೊದಲಿನಂತೆಯೇ ಕಣದಲ್ಲಿ ಹರವುವದಕ್ಕೆ ರಿಸ್ಯೂಮ್ ಎಂದು ಹೆಸರು. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಮಾತೆಲ್ಲ ಸುಲಭ.

ಇದರ ಸಂಗಡ ಇನ್ನೊಂದು ನಿದ್ರೆಯೂ ಇದೆ. ಅದಕ್ಕೆ ಸಸ್ಪೆಂಡ್ ಎನ್ನುತ್ತಾರೆ. ಅದು ನಿದ್ರೆಯಲ್ಲ, ತೂಕಡಿಕೆ. ಪರದೆ ಕಪ್ಪಾಗುತ್ತದೆ, ಪಂಖ ನಿಲ್ಲುತ್ತದೆ, ಆದರೆ ಕಾಳು ಕಣದಲ್ಲಿಯೇ ಇರುತ್ತದೆ; ಅದನ್ನು ಕಾಯಲಿಕ್ಕೆ ತುಸು ವಿದ್ಯುತ್ತು ಹರಿಯುತ್ತಲೇ ಇರಬೇಕು. ಲಿಂಬೆಯ ಊರಾದ ಇಂಡಿಯಲ್ಲಿ ನನ್ನ ಪರಿಚಯದ ವ್ಯಾಪಾರಿಯೊಬ್ಬರು ಒಂದು ದಿನ ಫೋನು ಮಾಡಿ, “ಅಣ್ಣಾರ, ನಾ ಅದನ್ನ ಮಲಗಿಸೇ ಮನಿಗೆ ಹೋಗಿದ್ನ್ರಿ. ಮುಂಜಾನೆ ಬಂದು ನೋಡಿದ್ರ ಲೆಕ್ಕ ಎಲ್ಲಾ ಹೋಗೇದರಿ” ಎಂದು ಅಳಲಿಕೊಂಡರು. ಅವರು ಒತ್ತಿದ್ದು ಸಸ್ಪೆಂಡ್. ರಾತ್ರಿ ಎರಡು ತಾಸು ವಿದ್ಯುತ್ತು ಇರಲಿಲ್ಲ. ಯುಪಿಎಸ್ ಬರಿದಾಯಿತು, ಕಣದ ಕಾಳು ಮಳೆಯ ಪಾಲಾಯಿತು. ಇದರಲ್ಲಿ ಯಂತ್ರದ ತಪ್ಪಿಲ್ಲ. ಎರಡು ನಿದ್ರೆಗಳ ಭೇದ ತಿಳಿಯದೆ ಆದ ಹಾನಿ. ಆದುದರಿಂದ ನಿಮ್ಮ ಮೊದಲಿನ ಪಾಠ ಇದು: ವಿದ್ಯುತ್ತು ನಂಬಿಗಸ್ಥವಲ್ಲದ ಮನೆಯಲ್ಲಿ ತೂಕಡಿಕೆಯನ್ನು ನಂಬಬೇಡಿ.

ಈ ಎರಡು ನಿದ್ರೆಗಳಿಗೆ ಎಸ್-3, ಎಸ್-4 ಎಂಬ ಹೆಸರುಗಳು ಬಂದದ್ದು ಎಸಿಪಿಐ ಎಂಬ ನಿಯಮಾವಳಿಯಿಂದ. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಕಂಪನಿಗಳು ಕೂಡಿ ಅದನ್ನು 1996ರ ಡಿಸೆಂಬರಿನಲ್ಲಿ ಪ್ರಕಟಿಸಿದವು. ಲಿನಕ್ಸ್ ಆಗ ಐದು ವರ್ಷದ ಕೂಸು. ಫಿನ್‌ಲಂಡದ ವಿದ್ಯಾರ್ಥಿ ಲೀನಸ್ ತೋರ್ವಾಲ್ಡ್ಸ್ ಅದನ್ನು ಆರಂಭಿಸಿದ್ದು 1991ರಲ್ಲಿ. ಅದಕ್ಕೆ ಗಾಢನಿದ್ರೆಯನ್ನು ಕಲಿಸುವ ಕೆಲಸವನ್ನು 1998ರ ಸುಮಾರಿಗೆ ಗಾಬೊರ್ ಕುಟಿ ಎಂಬವರು ಕೈಗೊಂಡರು. ಪಾವೆಲ್ ಮಾಖೆಕ್ ಅದನ್ನು ಮುಂದುವರಿಸಿದರು. 2002ರಲ್ಲಿ ಅದು ಲಿನಕ್ಸಿನ ಮೂಲದೊಳಗೇ ಸೇರಿತು. ಇಷ್ಟು ಹಳೆಯ ವಿದ್ಯೆಯಾದರೂ ಎಲ್ಲ ಯಂತ್ರಗಳಲ್ಲಿ ಅದು ಒಂದೇ ತೆರನಾಗಿ ನಡೆಯುವದಿಲ್ಲ. ಆ ಕಾರಣದಿಂದಲೇ ಉಬುಂಟು ಎಂಬ ಹೆಸರಾದ ಲಿನಕ್ಸ್ ವಿತರಣೆ 2012ರಲ್ಲಿ ಹೈಬರ್ನೇಟ್ ಎಂಬ ಗುಂಡಿಯನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಗುಂಡಿ ಕಾಣದಿದ್ದರೆ ವಿದ್ಯೆಯೇ ಇಲ್ಲವೆಂದು ತಿಳಿಯಬೇಡಿರಿ. ಅದು ಒಳಗಿದೆ, ಪರೀಕ್ಷಿಸಿ, ಸಜ್ಜುಗೊಳಿಸಿ, ಆಮೇಲೆ ಬಳಸಬೇಕು.

ಇನ್ನು ರೋಗಪರೀಕ್ಷೆಗೆ ಬರೋಣ. ವೈದ್ಯನು ಮೊದಲು ಕೇಳುವದು “ಯಾವಾಗಿನಿಂದ?” ಎಂದು. ಇಲ್ಲಿಯೂ ಹಾಗೆಯೇ. ಯಂತ್ರ ಕೆಟ್ಟದ್ದು ಯಾವ ಹೊತ್ತಿನಲ್ಲಿ? ಮಲಗಲಿಕ್ಕೇ ಒಪ್ಪಲಿಲ್ಲವೆ? ಮಲಗಿತು, ಆದರೆ ಎದ್ದಾಗ ಹಿಂದಿನದೆಲ್ಲವನ್ನೂ ಮರೆತು ಹೊಸದಾಗಿ ಎದ್ದಿತೆ? ಅಥವಾ ಮಲಗುವಾಗಲೋ ಏಳುವಾಗಲೋ ನಡುವೆ ಬಿಗಿದುಕೊಂಡು ನಿಂತಿತೆ? ಈ ಮೂರು ಮೂರು ಬೇರೆ ರೋಗಗಳು. ಇವುಗಳಿಗೆ ಮದ್ದೂ ಬೇರೆ ಬೇರೆ. ಇದನ್ನು ವಿಚಾರಿಸದೆ ಸಿಕ್ಕ ಮದ್ದನ್ನೆಲ್ಲ ಕುಡಿಸಿದರೆ, ಇದ್ದ ರೋಗ ಹೋಗದೆ ಇಲ್ಲದ ರೋಗ ಬರುತ್ತದೆ.

ಮುಂದೆ ನಾನು ಹೇಳುವ ಆಜ್ಞೆಗಳನ್ನು ಕನ್ನಡದ ಉಚ್ಚಾರದಲ್ಲಿ ಹೇಳುತ್ತೇನೆ. ಯಂತ್ರಕ್ಕೆ ಮಾತ್ರ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಕೊಡಬೇಕು. ಅವು ನಡೆಯುವದು ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ.

ಮೊದಲಿನ ರೋಗ, ಮಲಗಲು ಒಪ್ಪದಿರುವದು. ‘ಸಿಸ್ಟಮ್‌ಸಿಟಿಎಲ್ ಹೈಬರ್ನೇಟ್’ ಎಂದು ಆಜ್ಞೆ ಕೊಟ್ಟರೆ ಯಂತ್ರವು ಜಾಗ ಸಾಲದೆಂದೋ, ಈ ಕ್ರಿಯೆ ನನಗೆ ಬಾರದೆಂದೋ ಉತ್ತರ ಕೊಡುತ್ತದೆ. ಹೆಚ್ಚಾಗಿ ಇದರ ಕಾರಣ ಹಗೇವು ಸಣ್ಣದಾಗಿರುವದು. ಲಿನಕ್ಸಿನಲ್ಲಿ ಈ ಹಗೇವಿಗೆ ಸ್ವಾಪ್ ಎಂದು ಹೆಸರು. ಅದು ಡಿಸ್ಕಿನ ಒಂದು ಬೇರೆ ಭಾಗವಾಗಿರಬಹುದು, ಇಲ್ಲವೆ ಒಂದು ದೊಡ್ಡ ಕಡತವಾಗಿರಬಹುದು. ಮುದ್ದೇಬಿಹಾಳದ ಶಿಕ್ಷಕರೊಬ್ಬರ ಮನೆಯಲ್ಲಿ ನಾನು ನೋಡಿದ ಯಂತ್ರಕ್ಕೆ 8 ಜಿಬಿ ಮೆಮರಿ. ಸ್ವಾಪ್ ಕಡತ ಮಾತ್ರ 2 ಜಿಬಿ. ಎಂಟು ಚೀಲ ಹಿಡಿಯುವ ಕಣ, ಎರಡು ಚೀಲ ಹಿಡಿಯುವ ಹಗೇವು! ಕಣದಲ್ಲಿ ಒಂದೇ ಚೀಲದಷ್ಟು ಕಾಳಿದ್ದ ದಿನ ಅದು ಹೇಗೋ ಸಾಗುತ್ತಿತ್ತು. ಮಗ ಹತ್ತು ಪುಟ ತೆರೆದು ಕುಳಿತ ದಿನ ಸಾಗುತ್ತಿರಲಿಲ್ಲ. “ಒಮ್ಮೆ ಮಲಗ್ತದರಿ, ಒಮ್ಮೆ ಮಲಗಂಗಿಲ್ಲರಿ, ಇದಕ್ಕೇನು ದೆವ್ವ ಹಿಡದದೋ ಏನೋ” ಎಂದರು ಶಿಕ್ಷಕರು. ದೆವ್ವವಲ್ಲ, ಅಳತೆ.

ಲಿನಕ್ಸ್ ತಾನಾಗಿಯೇ ಬೇಡವಾದ ಹೊಟ್ಟನ್ನು ತೂರಿ, ಬರೆಯಬೇಕಾದ ಮೊತ್ತವನ್ನು ಮೆಮರಿಯ ಐದರಲ್ಲಿ ಎರಡು ಪಾಲಿಗೆ ಇಳಿಸಲು ನೋಡುತ್ತದೆ. 8 ಜಿಬಿಯ ಯಂತ್ರದಲ್ಲಿ ಅದು 3.2 ಜಿಬಿ. ಆದರೆ ಇಳಿಸಲು ಯಾವಾಗಲೂ ಸಾಧ್ಯವಾದೀತೆಂದಿಲ್ಲ. ಸ್ವಾಪಿಗೆ ತನ್ನದೇ ಬೇರೆ ಕೆಲಸವೂ ಇರುತ್ತದೆ. ಆದುದರಿಂದ ಮೆಮರಿ ಎಷ್ಟೋ ಅಷ್ಟು, ಅದರ ಮೇಲೆ ತುಸು ಹೆಚ್ಚು, ಎಂಬ ಲೆಕ್ಕವನ್ನು ಹಿಡಿದರೆ ನೀವು ಮೋಸಹೋಗುವದಿಲ್ಲ. ‘ಫ್ರೀ’ ಎಂಬ ಆಜ್ಞೆ ಮೆಮರಿ ಎಷ್ಟು, ಸ್ವಾಪ್ ಎಷ್ಟು ಎಂಬದನ್ನು ಎರಡು ಸಾಲಿನಲ್ಲಿ ತೋರಿಸುತ್ತದೆ. ಒಂದು ನಿಮಿಷದ ಕೆಲಸ, ಇಂದೇ ನೋಡಿರಿ.

ನೋಡುವಾಗ ಒಂದು ಎಚ್ಚರ. ಸ್ವಾಪ್ ಇದೆ ಎಂದು ಕಂಡ ಮಾತ್ರಕ್ಕೆ ಹಿಗ್ಗಬೇಡಿರಿ. ಫೆಡೋರಾ ಎಂಬ ವಿತರಣೆಯಲ್ಲಿ 2020ರಿಂದ ಝಡ್‌ರ‍್ಯಾಮ್ ಎಂಬ ಸ್ವಾಪ್ ರೂಢಿಯಾಗಿದೆ. ಅದು ಮೆಮರಿಯೊಳಗೇ ಅಡಕ ಮಾಡಿ ಇಡುವ ಉಪಾಯ. ಕೆಲಸ ಚುರುಕಾಗಲಿಕ್ಕೆ ಅದು ಒಳ್ಳೆಯದು, ಆದರೆ ಗಾಢನಿದ್ರೆಗೆ ಬಾರದು. ಕಣದೊಳಗೇ ತೋಡಿದ ಹಗೇವು ಕಣದ ಸಂಗಡಲೇ ತೋಯ್ದುಹೋಗುತ್ತದೆಯಷ್ಟೆ! ಸ್ವಾಪನ್ನು ಗುಪ್ತಲಿಪಿಯಿಂದ ಭದ್ರ ಮಾಡಿ, ಪ್ರತಿಸಲ ಯಂತ್ರ ಎದ್ದಾಗ ಹೊಸ ಕೀಲಿ ಹಾಕುವ ಪದ್ಧತಿಯೂ ಉಂಟು. ನಿನ್ನೆಯ ಬೀಗಕ್ಕೆ ಇಂದಿನ ಕೀಲಿ ಹತ್ತುವದಿಲ್ಲವಾದ್ದರಿಂದ ಅಲ್ಲಿಯೂ ಹೈಬರ್ನೇಟ್ ಸಾಧ್ಯವಿಲ್ಲ. ಶಾಶ್ವತವಾದ ಕೀಲಿಯಿರುವ ವ್ಯವಸ್ಥೆ ಬೇಕು.

ಜಾಗ ಸಾಕಷ್ಟಿದ್ದೂ ಯಂತ್ರ ಒಪ್ಪದಿದ್ದರೆ ಇನ್ನೊಂದು ಕಡೆ ಕಣ್ಣು ಹಾಯಿಸಬೇಕು. ‘ಸಿಸ್’ ಎಂಬ ಕೋಶದ ‘ಪವರ್’ ಎಂಬ ಉಪಕೋಶದಲ್ಲಿ ‘ಸ್ಟೇಟ್’ ಎಂಬ ಪುಟ್ಟ ಕಡತವಿದೆ. ಅದನ್ನು ‘ಕ್ಯಾಟ್’ ಆಜ್ಞೆಯಿಂದ ಓದಿದರೆ ನಿಮ್ಮ ಯಂತ್ರ ಬಲ್ಲ ನಿದ್ರೆಗಳ ಹೆಸರು ಕಾಣುತ್ತದೆ. ಅಲ್ಲಿ ‘ಡಿಸ್ಕ್’ ಎಂಬ ಶಬ್ದ ಇಲ್ಲದಿದ್ದರೆ ಕರ್ನೆಲ್ಲೇ, ಎಂದರೆ ವ್ಯವಸ್ಥೆಯ ತಿರುಳೇ, ಗಾಢನಿದ್ರೆಯನ್ನು ತಡೆದಿದೆ ಎಂದರ್ಥ. ಇದರ ದೊಡ್ಡ ಕಾರಣ ಸೆಕ್ಯೂರ್ ಬೂಟ್ ಎಂಬ ಕಾವಲು. ಯಾರೋ ಹಗೇವಿನ ಕಾಳನ್ನು ಬದಲಿಸಿಟ್ಟಾರು ಎಂಬ ಭಯದಿಂದ, 2019ರಿಂದೀಚಿನ ಕರ್ನೆಲ್‌ಗಳಲ್ಲಿ ಈ ಕಾವಲಿದ್ದಾಗ ಹೈಬರ್ನೇಟ್ ತಡೆಯುವ ಏರ್ಪಾಡು ಇದ್ದು, ಅನೇಕ ವಿತರಣೆಗಳು ಅದನ್ನು ಜಾರಿಯಲ್ಲಿಟ್ಟಿವೆ. ಕಾವಲನ್ನು ತೆಗೆಯುವದೋ ಬಿಡುವದೋ ನಿಮ್ಮ ವಿವೇಕಕ್ಕೆ ಬಿಟ್ಟದ್ದು. ಅದೇ ಯಂತ್ರದಲ್ಲಿ ವಿಂಡೋಸೂ ಇದ್ದು ಅದರ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಆ ಬೀಗದ ರಿಕವರಿ ಕೀಲಿಯನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಂಡೇ ಇದಕ್ಕೆ ಕೈ ಹಚ್ಚಿರಿ.

ಎರಡನೆಯ ರೋಗ ಹೆಚ್ಚು ಮೋಸದ್ದು. ಯಂತ್ರ ಸುಖವಾಗಿ ಮಲಗುತ್ತದೆ. ಎದ್ದಾಗ ಮಾತ್ರ ಏನೂ ನೆನಪಿಲ್ಲದೆ ಹೊಸದಾಗಿ ಎದ್ದಿರುತ್ತದೆ. ಇದರ ಅನುಭವ ನನಗೆ ಸ್ವತಃ ಆಗಿದೆ. ಅದನ್ನು ಹೇಳುತ್ತೇನೆ, ನಿಮಗಾದರೂ ಉಪಯೋಗವಾಗಲಿ.

ಸಿಂದಗಿಯಲ್ಲಿ ನಮ್ಮ ಮನೆಗೆ ಒಂದು ಬೇಸಗೆ ನನ್ನ ಅತ್ತಿ ಬಂದಿದ್ದರು. ಎಂಬತ್ತು ದಾಟಿದವರು. ಬೀಸುವ ಪದಗಳು ಅವರಿಗೆ ಎಷ್ಟು ಬರುತ್ತಿದ್ದವೆಂಬದು ಅವರಿಗೇ ತಿಳಿಯದು. ಒಂದು ಸಂಜೆ ಅವರು ಹೇಳುತ್ತ ಹೋದರು, ನಾನು ಕಂಪ್ಯೂಟರಿನಲ್ಲಿ ಬರೆಯುತ್ತ ಹೋದೆ. ಹಾಡಿನ ಓಟಕ್ಕೆ ತಡೆಯಾಗಬಾರದೆಂದು ಕಡತಕ್ಕೆ ಒಂದು ಹೆಸರನ್ನು ಕೂಡ ಕೊಡಲಿಲ್ಲ. ಬರೆಯುತ್ತಿದ್ದುದು ಸಾದಾ ಟಿಪ್ಪಣಿಯ ಪುಟ. ತಾನಾಗಿ ಪ್ರತಿ ಉಳಿಸಿಕೊಳ್ಳುವ ಗುಣ ಅದಕ್ಕಿರಲಿಲ್ಲ. ಮೂರು ತಾಸು ಕಳೆದ ಮೇಲೆ ಗಾಳಿಯೆದ್ದಿತು, ದೀಪ ಹೋಯಿತು, ಯುಪಿಎಸ್ ಕಿರುಗುಟ್ಟಿತು. ನನಗೇನು ಭಯ? ಹೈಬರ್ನೇಟ್ ಎಂದೆ. ಡಿಸ್ಕಿನ ದೀಪ ಮಿನುಗಿತು, ಯಂತ್ರ ಆರಿತು. ನಾನು ಅತ್ತಿಯ ಸಂಗಡ ಊಟಕ್ಕೆ ಕುಳಿತೆ.

ದೀಪ ಬಂದ ಮೇಲೆ ಯಂತ್ರವನ್ನು ಎಬ್ಬಿಸಿದರೆ ಪರದೆ ಹೊಸ ಮದುವಣಗಿತ್ತಿಯ ಹಾಗೆ ಬಂದು ನಿಂತಿತು. ಒಂದು ಪುಟವೂ ಇಲ್ಲ. ಅತ್ತಿಗೆ ಹೇಳಿದೆ. ಅವರು ನಕ್ಕು, “ಹೋಗ್ಲಿ ಬಿಡೊ ತಮ್ಮಾ, ನನ್ನ ತೆಲಿಯಾಗ ಇನ್ನೂ ಅದಾವು” ಎಂದರು. ಮರುದಿನ ಮತ್ತೆ ಹೇಳಿದರು. ಆದರೆ ಹಿಂದಿನ ಸಂಜೆ ತಾವಾಗಿಯೇ ಬಂದಿದ್ದ ಎರಡು ಪದಗಳು ಅಂದು ಬರಲಿಲ್ಲ. “ಏನೋ ಇತ್ತಲ್ಲ” ಎಂದು ಅವರು ಹಣೆ ಮುಟ್ಟಿಕೊಂಡರು. ಮುಂದೆಯೂ ಅವು ಬರಲಿಲ್ಲ.

ಆಮೇಲೆ ಕಾರಣ ಹುಡುಕಿದೆ. ಕೆಲವು ತಿಂಗಳ ಹಿಂದೆ ಡಿಸ್ಕು ಕೆಟ್ಟು, ದುರಸ್ತಿಯ ಅಂಗಡಿಯಲ್ಲಿ ಹೊಸ ಡಿಸ್ಕು ಹಾಕಿಸಿದ್ದೆ. ಹೊಸ ಡಿಸ್ಕಿನಲ್ಲಿ ಸ್ವಾಪನ್ನು ಹೊಸದಾಗಿ ಮಾಡಿದ್ದರು. ಪ್ರತಿಯೊಂದು ಸ್ವಾಪಿಗೂ ಯುಯುಐಡಿ ಎಂಬ ಉದ್ದನ್ನ ಗುರುತಿನ ಸಂಖ್ಯೆ ಇರುತ್ತದೆ. ಹೊಸದಾಗಿ ಮಾಡಿದರೆ ಅದೂ ಹೊಸದು. ಈ ಸಂಖ್ಯೆ ಎರಡು ಕಡೆ ಬರೆದಿರುತ್ತದೆ. ಒಂದು, ‘ಎಫ್‌ಎಸ್‌ಟ್ಯಾಬ್’ ಎಂಬ ಕಡತ. ಇದು ದಿನನಿತ್ಯ ಸ್ವಾಪನ್ನು ಬಳಸಲಿಕ್ಕೆ, ಮಲಗುವಾಗ ಕಾಳು ತುಂಬಲಿಕ್ಕೆ. ಎರಡು, ‘ರಿಸ್ಯೂಮ್’ ಎಂಬ ಸೂಚನೆ. ಇದು ಏಳುವಾಗ ಹಗೇವು ಎಲ್ಲಿದೆಯೆಂದು ಹುಡುಕಲಿಕ್ಕೆ. ಅಂಗಡಿಯವರು ಮೊದಲನೆಯದನ್ನು ತಿದ್ದಿದ್ದರು, ಎರಡನೆಯದನ್ನು ಮರೆತಿದ್ದರು. ಆದುದರಿಂದ ಯಂತ್ರವು ಕಾಳನ್ನು ಹೊಸ ಹಗೇವಿಗೆ ತುಂಬಿತು. ಮುಂಜಾನೆ ಎದ್ದು ಹಳೆಯ ಹಗೇವನ್ನು ಹುಡುಕಿತು. ಅದು ಸಿಗದೆ ಇದ್ದುದರಿಂದ ಕಾಳೇ ಇಲ್ಲವೆಂದು ತಿಳಿದು ಹೊಸ ದಿನ ಆರಂಭಿಸಿತು. ಹಾಗೆ ಆರಂಭಿಸುವಾಗ ತಾನೇ ತುಂಬಿದ ಹಗೇವಿನ ಗುರುತನ್ನು ಅಳಿಸಿ ಅದನ್ನು ಖಾಲಿಯೆಂದು ಬರೆದುಕೊಂಡಿತು.

ನನ್ನ ತಪ್ಪೂ ಇದರಲ್ಲಿ ಸಣ್ಣದಲ್ಲ. ಆ ದುರಸ್ತಿಯ ಮರುದಿನದಿಂದ ಪ್ರತಿ ಮುಂಜಾನೆ ಯಂತ್ರ ಏಳುವಾಗ ಅರ್ಧ ನಿಮಿಷ ತಡೆದು, ರಿಸ್ಯೂಮ್ ಮಾಡಬೇಕಾದ ಡಿಸ್ಕಿಗಾಗಿ ಕಾದು ಸಾಕಾಯಿತೆಂದು ಒಂದು ಸಾಲು ಇಂಗ್ಲಿಷಿನಲ್ಲಿ ತೋರಿಸುತ್ತಿತ್ತು. ಅದನ್ನು ನಾನು ದಿನವೂ ನೋಡಿದ್ದೆ, ಒಮ್ಮೆಯೂ ಓದಿರಲಿಲ್ಲ. ಯಂತ್ರ ಬಾಯಿಬಿಟ್ಟು ಹೇಳುತ್ತಿದ್ದಾಗ ನಾನು ಚಹಾ ಕುಡಿಯುತ್ತಿದ್ದೆ.

ಇದಕ್ಕೆ ಮದ್ದು ಸರಳ. ‘ಬಿಎಲ್‌ಕೆಐಡಿ’ ಎಂಬ ಆಜ್ಞೆಯಿಂದ ಸ್ವಾಪಿನ ಇಂದಿನ ಸಂಖ್ಯೆಯನ್ನು ತಿಳಿಯಬೇಕು. ಉಬುಂಟು, ಡೆಬಿಯನ್‌ಗಳ ಅನೇಕ ಆವೃತ್ತಿಗಳಲ್ಲಿ ‘ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್’ ಎಂಬ ಕೋಶದ ‘ಕಾನ್ಫ್.ಡಿ’ ಒಳಗಿರುವ ‘ರಿಸ್ಯೂಮ್’ ಕಡತದಲ್ಲಿ ಆ ಸಂಖ್ಯೆಯನ್ನೇ ಬರೆಯಬೇಕು. ‘ಗ್ರಬ್’ ಎಂಬ ಆರಂಭಕದ ಸಾಲಿನಲ್ಲಿ ಹಳೆಯ ಸಂಖ್ಯೆ ಇದ್ದರೆ ಅದನ್ನೂ ತಿದ್ದಬೇಕು. ಬಳಿಕ ‘ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್’, ‘ಅಪ್‌ಡೇಟ್-ಗ್ರಬ್’ ಎಂಬ ಎರಡು ಆಜ್ಞೆಗಳನ್ನು ಕೊಡಬೇಕು. ಇವನ್ನು ಕೊಡದಿದ್ದರೆ ತಿದ್ದಿದ್ದು ಕಾಗದದ ಮೇಲೆಯೇ ಉಳಿಯುತ್ತದೆ. ಸ್ವಾಪ್ ಒಂದು ಕಡತವಾಗಿದ್ದರೆ ಓಣಿಯ ಹೆಸರು ಸಾಲದು, ಮನೆಯ ಸಂಖ್ಯೆಯೂ ಬೇಕು. ಡಿಸ್ಕಿನ ಯಾವ ಠಾವಿನಿಂದ ಆ ಕಡತ ಆರಂಭವಾಗುತ್ತದೆ ಎಂಬ ಅಂಕೆಯನ್ನು ‘ಫೈಲ್‌ಫ್ರ್ಯಾಗ್’ ಆಜ್ಞೆಯಿಂದ ತಿಳಿದು ‘ರಿಸ್ಯೂಮ್-ಆಫ್‌ಸೆಟ್’ ಎಂಬ ಸೂಚನೆಯಲ್ಲಿ ಕೊಡಬೇಕು. ಕಡತವನ್ನು ಅಳಿಸಿ ದೊಡ್ಡದಾಗಿ ಮತ್ತೆ ಮಾಡಿದರೆ ಆ ಅಂಕೆಯೂ ಬದಲಾಗುತ್ತದೆ. ಸ್ವಾಪ್ ದೊಡ್ಡದು ಮಾಡಿದವರು ಹೆಚ್ಚಾಗಿ ಎಡವುವದು ಇಲ್ಲಿಯೇ. 2023ರಿಂದೀಚಿನ ಸಿಸ್ಟಮ್‌ಡಿ ಆವೃತ್ತಿಗಳು, ಯುಇಎಫ್‌ಐ ಇರುವ ಯಂತ್ರಗಳಲ್ಲಿ, ಮಲಗುವಾಗಲೇ ಈ ವಿಳಾಸವನ್ನು ತಾವೇ ಬರೆದಿಡಬಲ್ಲವು. ಆದರೆ ಎಲ್ಲ ವಿತರಣೆಗಳಲ್ಲಿ ಆ ಸೌಕರ್ಯ ಸಿದ್ಧವಿಲ್ಲ. ಇರಬಹುದೆಂದು ನಂಬುವದಕ್ಕಿಂತ ಪರೀಕ್ಷಿಸಿ ನೋಡುವದು ಮೇಲು.

ಮೂರನೆಯ ರೋಗ, ನಡುವೆ ಬಿಗಿದುಕೊಳ್ಳುವದು. ಬಸವನ ಬಾಗೇವಾಡಿಯ ಒಬ್ಬ ತರುಣನ ಯಂತ್ರದಲ್ಲಿ ಪರದೆ ಕಪ್ಪಾಗಿ ಹಾಗೆಯೇ ನಿಲ್ಲುತ್ತಿತ್ತು. ಪಂಖ ತಿರುಗುತ್ತದೆ, ಮೌಸಿನ ದೀಪ ಉರಿಯುತ್ತದೆ, ಆದರೆ ಮುಖ ಕಾಣುವದಿಲ್ಲ. ಇಲ್ಲಿ ಹಗೇವೂ ಸರಿ, ಗುರುತೂ ಸರಿ. ಕಾಳು ಹೊರುವ ಆಳುಗಳಲ್ಲಿ ಒಬ್ಬ ಮೈಗಳ್ಳ. ಆ ಆಳನ್ನು ಪತ್ತೆ ಹಚ್ಚಬೇಕು. ಯಂತ್ರದ ಒಂದೊಂದು ಅಂಗಕ್ಕೂ ಡ್ರೈವರ್ ಎಂಬ ಒಂದೊಂದು ಆಳು ಉಂಟು; ಮಲಗುವ ಮೊದಲು ಪ್ರತಿಯೊಬ್ಬನೂ ತನ್ನ ಸಾಮಾನು ಕಟ್ಟಬೇಕು, ಎದ್ದ ಮೇಲೆ ಬಿಚ್ಚಬೇಕು. ಎನ್‌ವಿಡಿಯಾ ಚಿತ್ರಕಾರ್ಡಿಗೆ ಕಂಪನಿಯದೇ ಡ್ರೈವರ್ ಹಾಕಿದ್ದರೆ, ಕಾರ್ಡಿನೊಳಗಿನ ಮೆಮರಿಯನ್ನು ಕಾದಿಡುವ ಆಯ್ಕೆಯನ್ನೂ ಅದರ ಹೈಬರ್ನೇಟ್, ರಿಸ್ಯೂಮ್ ಸೇವೆಗಳನ್ನೂ ಜಾರಿಯಲ್ಲಿ ಇಡಬೇಕಾಗುತ್ತದೆ. ಈ ತರುಣನ ಯಂತ್ರದಲ್ಲಿ ಅವನ್ನು ಜಾರಿಗೊಳಿಸಿದ ಮೇಲೆ ಮುಖ ಕಂಡಿತು.

ಮೈಗಳ್ಳ ಯಾರೆಂದು ತಿಳಿಯದಿದ್ದರೆ ಕರ್ನೆಲ್ಲಿನಲ್ಲಿಯೇ ಒಂದು ತಾಲೀಮಿನ ಏರ್ಪಾಡಿದೆ. ಮೊದಲು ಹೇಳಿದ ‘ಪವರ್’ ಕೋಶದಲ್ಲಿ ‘ಪಿಎಮ್-ಟೆಸ್ಟ್’ ಎಂಬ ಕಡತ ಉಂಟು. ಅದರಲ್ಲಿ ‘ಫ್ರೀಝರ್’ ಎಂದು ಬರೆದು ಹೈಬರ್ನೇಟ್ ಎಂದರೆ, ಯಂತ್ರ ತನ್ನ ಕಾರ್ಯಕ್ರಮಗಳನ್ನಷ್ಟೆ ಸ್ತಬ್ಧಗೊಳಿಸಿ, ಐದು ಸೆಕೆಂಡು ನಿಂತು, ಮರಳಿ ಬರುತ್ತದೆ. ‘ಡಿವೈಸಸ್’ ಎಂದು ಬರೆದರೆ ಎಲ್ಲ ಆಳುಗಳನ್ನೂ ಒಮ್ಮೆ ಮಲಗಿಸಿ ಎಬ್ಬಿಸುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋದರೆ ಯಾವ ಮೆಟ್ಟಿಲಲ್ಲಿ ಕಾಲು ಜಾರುತ್ತದೆಂಬದು ತಿಳಿಯುತ್ತದೆ. ತಾಲೀಮು ಮುಗಿದ ಮೇಲೆ ‘ನನ್’ ಎಂದು ಬರೆಯಲು ಮರೆಯಬಾರದು. ಮರೆತರೆ ನಿಜವಾದ ಮೋಡ ಬಂದ ದಿನವೂ ಯಂತ್ರ ತಾಲೀಮನ್ನೇ ಮಾಡೀತು! ಕಾಳೆಲ್ಲ ತುಂಬಿ ಆದ ಮೇಲೆ ಕೊನೆಯ ಗಳಿಗೆಯಲ್ಲಿ ಯಂತ್ರ ಆರದೆ ನಿಂತರೆ, ಅದೇ ಕೋಶದ ‘ಡಿಸ್ಕ್’ ಎಂಬ ಕಡತದಲ್ಲಿ ‘ಪ್ಲಾಟ್‌ಫಾರ್ಮ್’ ಎಂಬದರ ಬದಲು ‘ಶಟ್‌ಡೌನ್’ ಎಂದು ಬರೆದು ನೋಡಬೇಕು. ಯಂತ್ರ ಬಿಗಿದುಕೊಂಡು ನೀವು ಬಲವಂತವಾಗಿ ಆರಿಸಿದ ಮೇಲೆ, ‘ಜರ್ನಲ್‌ಸಿಟಿಎಲ್’ ಎಂಬ ದಿನಚರಿಯಲ್ಲಿ ಹಿಂದಿನ ಸರತಿಯ ಕೊನೆಯ ಸಾಲುಗಳನ್ನು ಓದಿರಿ. ಕಡೆಯಲ್ಲಿ ಹೆಸರು ಬಂದ ಆಳಿನ ಮೇಲೆ ಮೊದಲು ಸಂಶಯಪಡಿರಿ.

ಇನ್ನು ಮಾಡಲೇಬಾರದ ಒಂದು ಕೆಲಸ. ಕೆಲವರ ಯಂತ್ರದಲ್ಲಿ ಲಿನಕ್ಸ್, ವಿಂಡೋಸ್ ಎರಡೂ ಇರುತ್ತವೆ. ಲಿನಕ್ಸನ್ನು ಮಲಗಿಸಿ, ವಿಂಡೋಸನ್ನು ಎಬ್ಬಿಸಿ, ಎರಡಕ್ಕೂ ಸಮಾನವಾದ ಭಾಗದಲ್ಲಿ ಬರೆದು ಅಳಿಸಿ ಮಾಡಿ, ಮತ್ತೆ ಲಿನಕ್ಸನ್ನು ಎಬ್ಬಿಸಬಾರದು. ಮಲಗಿದವನು ತಾನು ಮಲಗುವಾಗ ಮನೆ ಹೇಗಿತ್ತೋ ಹಾಗೆಯೇ ಇದೆಯೆಂದು ತಿಳಿದು ಎದ್ದು ನಡೆಯುತ್ತಾನೆ; ನಡುವೆ ನೀವು ಗೋಡೆ ಸರಿಸಿದ್ದರೆ ಹಣೆ ಒಡೆದುಕೊಳ್ಳುತ್ತಾನೆ. ಡಿಸ್ಕಿನ ಲೆಕ್ಕವೇ ಕೆಟ್ಟು ಇದ್ದ ಕಡತಗಳೂ ಹೋಗಬಹುದು. ವಿಂಡೋಸ್ ಕೂಡ 2012ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಹೆಸರಿನಲ್ಲಿ ಪೂರ್ತಿ ಆರದೆ ಅರ್ಧ ಮಲಗುವ ರೂಢಿ ಮಾಡಿಕೊಂಡಿದೆ. ಎರಡೂ ಇರುವ ಯಂತ್ರದಲ್ಲಿ ಅದನ್ನು ನಿಲ್ಲಿಸುವದು ಕ್ಷೇಮ. ಒಮ್ಮೆ ಹೊಸದಾಗಿ ಎದ್ದ ಯಂತ್ರವನ್ನು ಹಿಂದಿನ ನಿದ್ರೆಗೆ ಮರಳಿಸಲು ಹೆಣಗುವದೂ ಇದೇ ಜಾತಿಯ ಸಾಹಸ. ಹೋದದ್ದು ಹೋಯಿತೆಂದು ಉಳಿದದ್ದನ್ನು ಕಾಯಿರಿ.

ಕರ್ನೆಲ್ಲನ್ನು ನವೀಕರಿಸಿದ ದಿನ ಹೈಬರ್ನೇಟ್ ಮಾಡದೆ ಒಮ್ಮೆ ಪೂರ್ತಿ ಆರಿಸಿ ಎಬ್ಬಿಸುವದು ಒಳ್ಳೆಯ ಪದ್ಧತಿ. ಹಗೇವಿನಲ್ಲಿ ನಿಮ್ಮ ಗುಪ್ತಪದಗಳೂ ಬರೆದಿರುತ್ತವೆ. ಡಿಸ್ಕಿಗೆ ಬೀಗವಿಲ್ಲದಿದ್ದರೆ, ಮಲಗಿದ ಯಂತ್ರವನ್ನು ದುರಸ್ತಿಗೆ ಕೊಡಬೇಡಿರಿ.

ಹಾಗಾದರೆ ನೀವು ಮಾಡಬೇಕಾದದ್ದು ಏನು? ಬರುವ ಭಾನುವಾರ, ದೀಪ ಚೆನ್ನಾಗಿ ಇರುವಾಗ, ಕೈಯಲ್ಲಿ ಯಾವ ಮಹತ್ವದ ಕೆಲಸವೂ ಇಲ್ಲದಾಗ, ತೆರೆದ ಕಡತಗಳನ್ನೆಲ್ಲ ಉಳಿಸಿ, ಒಮ್ಮೆ ಹೈಬರ್ನೇಟ್ ಮಾಡಿ ನೋಡಿರಿ. ಗಡಿಯಾರ ಹಿಡಿದು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಿರಿ. ಹಳೆಯ ತಿರುಗುವ ಡಿಸ್ಕು ಸೆಕೆಂಡಿಗೆ 100 ಎಂಬಿ ಬರೆದರೆ, 3 ಜಿಬಿ ಬರೆಯಲು ಅರ್ಧ ನಿಮಿಷವಾದರೂ ಬೇಕು; ನಿಮ್ಮ ಯುಪಿಎಸ್ ಅಷ್ಟು ಹೊತ್ತು, ಅದರ ಎರಡು ಮೂರರಷ್ಟು ಹೊತ್ತು, ತಾಳಬೇಕು. ಯಂತ್ರ ಆರಿದ ಮೇಲೆ ಪ್ಲಗ್ಗನ್ನು ತೆಗೆಯಿರಿ. ಹತ್ತು ನಿಮಿಷ ಬಿಟ್ಟು ಹಾಕಿರಿ. ಎದ್ದ ಮೇಲೆ ‘ಅಪ್‌ಟೈಮ್’ ಎಂದು ಕೇಳಿರಿ. ಮುಂಜಾನೆಯಿಂದ ಎದ್ದಿದ್ದೇನೆ ಎಂದು ಅದು ಹೇಳಿದರೆ ನಿದ್ರೆ ಸರಿಯಾಗಿದೆ. ಈಗ ಎರಡು ನಿಮಿಷದ ಹಿಂದೆ ಎದ್ದೆ ಎಂದರೆ ಹಗೇವಿನ ಗುರುತು ತಪ್ಪಿದೆ. ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿನ ಸಂಗಡ ಮಾತಾಡುವ ಯುಪಿಎಸ್ ನಿಮ್ಮಲ್ಲಿದ್ದರೆ, ‘ಯುಪವರ್’ ಎಂಬ ಸೇವೆಗೆ ಹೇಳಿ, ಬ್ಯಾಟರಿ ಕೊನೆಗೆ ಬಂದಾಗ ಯಂತ್ರ ತಾನಾಗಿಯೇ ಹೈಬರ್ನೇಟ್ ಆಗುವಂತೆ ಮಾಡಬಹುದು. ಹೈಬ್ರಿಡ್ ಸ್ಲೀಪ್ ಎಂಬ ಮಧ್ಯದ ದಾರಿಯೂ ಉಂಟು: ಕಾಳನ್ನು ಹಗೇವಿಗೂ ತುಂಬಿ, ಕಣದಲ್ಲಿಯೂ ಬಿಟ್ಟು ತೂಕಡಿಸುವದು. ದೀಪ ಬೇಗ ಬಂದರೆ ಕಣದಿಂದ, ತಡವಾದರೆ ಹಗೇವಿನಿಂದ ಕೆಲಸ ಮುಂದುವರಿಯುತ್ತದೆ. ಡಿಸ್ಕು, ಮೆಮರಿ, ಸ್ವಾಪ್ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಈ ಭಾನುವಾರದ ಪರೀಕ್ಷೆಯನ್ನು ಮತ್ತೆ ಮಾಡಿರಿ.

ಇಷ್ಟೆಲ್ಲ ಮಾಡಿಯೂ ಒಂದು ಮಾತನ್ನು ಮರೆಯಬೇಡಿರಿ. ಹಗೇವು ಎಷ್ಟೇ ಗಟ್ಟಿಯಿರಲಿ, ಬಿತ್ತನೆಯ ಬೀಜವನ್ನು ನಮ್ಮ ಹಿರಿಯರು ಅದರಲ್ಲಿ ಹಾಕದೆ ಮನೆಯೊಳಗೆ ಬೇರೆಯಾಗಿ ಕಟ್ಟಿಡುತ್ತಿದ್ದರು. ಗಾಢನಿದ್ರೆ ಒಂದು ಸೌಕರ್ಯ. ಅದು ಉಳಿಸಿಡುವದರ ಬದಲಿಯಲ್ಲ. ಮರಳಿ ಸಿಗದಂಥದನ್ನು ಬರೆಯುತ್ತಿದ್ದರೆ ಮೊದಲಿನ ಸಾಲು ಬರೆದ ಕೂಡಲೆ ಕಡತಕ್ಕೆ ಹೆಸರು ಕೊಡಿರಿ, ಹತ್ತು ಸಾಲಿಗೊಮ್ಮೆ ಉಳಿಸಿರಿ. ಕಂಟ್ರೋಲ್ ಕೀಲಿಯ ಸಂಗಡ ಎಸ್ ಒತ್ತಲಿಕ್ಕೆ ಒಂದು ಉಸಿರಿನಷ್ಟೂ ಹೊತ್ತು ಬೇಡ. ಅಷ್ಟನ್ನು ಅಂದು ಸಂಜೆ ನಾನು ಮಾಡಿದ್ದರೆ, ಅತ್ತಿಯ ಆ ಎರಡು ಪದಗಳು ಇಂದು ನಿಮ್ಮ ಕಿವಿಗೂ ಬೀಳುತ್ತಿದ್ದವು.